ಜೇಬಿನಲ್ಲಿಟ್ಟ ಕೈಗಳು

ಅವರ ಬೂದುಬಣ್ಣದ ಕೋಟಿನ ಎರಡೂ ಜೇಬುಗಳು ಜೋತುಬಿದ್ದಿದ್ದವು. ಅವುಗಳಲ್ಲಿ ಅವರ ಕೈಗಳ ಹೊರತು ಬೇರೇನೂ ಇರುತ್ತಿರಲಿಲ್ಲ. ಮುಷ್ಟಿ ಕಟ್ಟಿ ತುರುಕಿ ತುರುಕಿ ಬಟ್ಟೆ ಹಿಗ್ಗಿಹೋಗಿತ್ತು. ಬೋರ್ಡಿನ ಮೇಲೆ ಬರೆಯಬೇಕಾದಾಗ ಬಲಗೈ ಮಾತ್ರ ಹೊರಬರುತ್ತಿತ್ತು. ಬರೆದ ಕೂಡಲೇ ಮತ್ತೆ ಒಳಗೆ. ಅವರು ಎರಡೂ ಕೈ ಒಟ್ಟಿಗೆ ಎತ್ತಿದ್ದನ್ನು ನಾನು ಒಂದೇ ಒಂದು ಸಲ ಕಂಡೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಟಾಕ್‌ಹೋಮಿನಲ್ಲಿ ಅವರು ನನಗೆ ಧರ್ಮದ ತತ್ತ್ವಶಾಸ್ತ್ರ ಕಲಿಸಿದ ಮೇಷ್ಟ್ರು. ಕ್ರೈಸ್ತ ಧರ್ಮವನ್ನೂ ಅದರ ದೇವರನ್ನೂ ಯುರೋಪಿನ ತತ್ತ್ವಜ್ಞರು ಕಳೆದ ಮುನ್ನೂರು ಚಿಲ್ಲರೆ ವರ್ಷ ಹೇಗೆ ಹಿಡಿದು ಅಲ್ಲಾಡಿಸಿದರು ಎಂಬುದು ಅವರ ಪಾಠ. ಮದುವೆಯಾಗಿ ಗಂಡನ ಕೆಲಸದ ಪರ್ಮಿಟ್ಟಿನ ಬಾಲ ಹಿಡಿದು ಬಂದವಳು ನಾನು. ಆ ಕೋರ್ಸಿಗೆ ಸೇರುತ್ತೇನೆಂದಾಗ ನನ್ನ ಗಂಡ ನಕ್ಕಿದ್ದ. "ನಮ್ಮ ಕಿಸ್ಟಾ ಬಡಾವಣೆಯಲ್ಲಿ ಎಲ್ಲರ ಹೆಂಡ್ತೀರೂ ಸಾಫ್ಟ್‌ವೇರ್ ಟೆಸ್ಟಿಂಗ್ ಕಲೀತಿದಾರೆ. ನೀನು ದೇವರನ್ನೇ ಟೆಸ್ಟ್ ಮಾಡಕ್ಕೆ ಹೊರಟಿದೀಯಲ್ಲೇ!" ತುಮಕೂರಿನಿಂದ ಅಮ್ಮ ಫೋನಿನಲ್ಲಿ ಅಂದಿದ್ದಳು: "ದೇವ್ರು ಅವ್ನೋ ಇಲ್ವೋ ಅಂತ ಓದಕ್ಕೆ ಅಷ್ಟ್ ದೂರ ಹೋಗ್ಬೇಕಿತ್ತಾ? ನಮ್ಮ ಬೀದಿ ಹನುಮಪ್ಪನ ಪೂಜಾರಪ್ಪನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಇಬ್ಬರ ಮಾತನ್ನೂ ನಾನು ಕೇಳಲಿಲ್ಲ. ನಮ್ಮ ಅಪ್ಪ ತಳ್ಳುಗಾಡಿಯಲ್ಲಿ ಇದ್ದಿಲು ಪೆಟ್ಟಿಗೆ ಇಟ್ಟುಕೊಂಡು ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದವರು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪರೀಕ್ಷೆಗೆ ಓದಿದ್ದು ಆ ಗಾಡಿಯ ಪಕ್ಕದಲ್ಲೇ, ಹೊಗೆ ಕುಡಿದುಕೊಂಡು. ಅಂಥವಳಿಗೆ ಎರಡನೇ ಡಿಗ್ರಿ ಸಿಗುವ ಹಾಗಿದ್ದರೆ ಬಿಡುತ್ತಾಳೆಯೇ?

ಮೊದಲ ದಿನವೇ ಮೇಷ್ಟ್ರು ನಿನ್ನ ತಂದೆಯ ಕೆಲಸವೇನೆಂದು ಕೇಳಿದರು. ನಮ್ಮೂರಿನಲ್ಲಿ ಈ ಪ್ರಶ್ನೆ ಯಾಕೆ ಬರುತ್ತದೆಂದು ಗೊತ್ತಿದ್ದವಳಿಗೆ ಮೈ ಉರಿಯಿತು. ಹೇಳಿದೆ. ಅವರ ಮುಖ ಅರಳಿತು. ಆಮೇಲೆ ತಿಳಿಯಿತು, ಅವರು ಯಾವ ತತ್ತ್ವಜ್ಞನ ಹೆಸರನ್ನೂ ಹೇಳುತ್ತಿರಲಿಲ್ಲ. ಎಲ್ಲರನ್ನೂ ಕೈಕಸುಬಿನಿಂದಲೋ ಅಪ್ಪನ ಕಸುಬಿನಿಂದಲೋ ಕರೆಯುತ್ತಿದ್ದರು. ದೇವರು ಬೇರೆಯಲ್ಲ, ಪ್ರಕೃತಿ ಬೇರೆಯಲ್ಲ, ಆದ್ದರಿಂದ ಪ್ರಾರ್ಥನೆ ಕೇಳಿಸಿಕೊಳ್ಳುವ ಕಿವಿ ಎಲ್ಲೂ ಇಲ್ಲ ಎಂಬಲ್ಲಿಗೆ ಬಂದು ನಿಂತವನು 'ಗಾಜು ಉಜ್ಜುವವನು'. ದೇವರಿದ್ದಾನೆಂದು ಬುದ್ಧಿಯಿಂದ ಸಾಧಿಸಲಾಗದು, ಇಲ್ಲವೆಂದೂ ಸಾಧಿಸಲಾಗದು, ಆದರೂ ನ್ಯಾಯವಾಗಿ ಬಾಳುವವನು ಆ ನಂಬಿಕೆಯನ್ನು ಇಟ್ಟುಕೊಳ್ಳಬಹುದು ಅಂದವನು 'ಕುದುರೆ ಜೀನು ಹೊಲಿಯುವವನ ಮಗ'. ನಂಬಿಕೆಗೆ ಪುರಾವೆ ಬೇಡ, ಹಾರಬೇಕು ಅಷ್ಟೇ ಅಂದವನು 'ಉಣ್ಣೆ ವ್ಯಾಪಾರಿಯ ಮಗ'. ದೇವರ ಸಾವನ್ನು ಸಾರಿದವನು 'ಪಾದ್ರಿಯ ಮಗ'. "ಜೀನಿನವನ ಮಗನ ಮಾತನ್ನು ಇವತ್ತು ಇಸ್ತ್ರಿಯವರ ಮಗಳು ವಿವರಿಸುತ್ತಾಳೆ" ಎಂದು ಅವರು ತರಗತಿಯಲ್ಲಿ ಹೇಳಿದ ದಿನ ನಾನು ಒಂದು ಗೇಣು ಬೆಳೆದೆ. ಅಪ್ಪನ ಕಸುಬನ್ನು ಯಾರಾದರೂ ಎತ್ತಿ ಆಡಿದಾಗ ನನ್ನ ತಲೆ ತಗ್ಗದೇ ಇದ್ದದ್ದು ಅದೇ ಮೊದಲು.

ಇಲ್ಲಿ ಮೇಷ್ಟ್ರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನ್ನ ನಾಲಿಗೆ ಹೊರಳಲಿಲ್ಲ, 'ಸರ್' ಅಂದೆ. "ಸರ್ ಅನ್ನಿಸಿಕೊಳ್ಳೋದಕ್ಕೆ ಇಂಗ್ಲೆಂಡಿನ ರಾಜ ಕತ್ತಿ ತಂದು ಭುಜಕ್ಕೆ ಮುಟ್ಟಿಸಬೇಕು. ನನ್ನನ್ನ ಪೆನ್ಷನ್ ಆಫೀಸಿನವರೂ ಮುಟ್ಟಿಲ್ಲ" ಅಂದರು. ನಾನು ಬಿಡಲಿಲ್ಲ.

ನನ್ನ ಪ್ರಬಂಧದ ಅಂಚಿನಲ್ಲೆಲ್ಲ ಅವರು ಬರೆಯುತ್ತಿದ್ದುದು ಒಂದೇ ಪ್ರಶ್ನೆ: 'ತಾಳುತ್ತದೆಯೇ?' ಚಳಿಗಾಲದಲ್ಲಿ ಇಲ್ಲಿಯ ಕೆರೆಗಳು ಹೆಪ್ಪುಗಟ್ಟಿದಾಗ ಜನ ಕಾಲಿಡುವ ಮೊದಲು ಕೇಳಿಕೊಳ್ಳುವ ಪ್ರಶ್ನೆಯದು. "ಮಾತೂ ಹಾಗೇ. ನಿನ್ನ ಪೂರ್ತಿ ಭಾರ ಹಾಕಿ ನಿಂತು ನೋಡು. ತಾಳದಿದ್ದರೆ ಆಡಬೇಡ." ನನ್ನ ಬರಹದಲ್ಲಿದ್ದ ಅಲಂಕಾರವೆಲ್ಲ ಆ ಪ್ರಶ್ನೆಗೆ ಸಿಕ್ಕಿ ಉದುರಿಹೋಯಿತು.

ಅವರು ಹಿಂದೆ ಇಲ್ಲಿಯ ಪ್ರಾಟೆಸ್ಟೆಂಟ್ ಚರ್ಚಿನ ಪಾದ್ರಿಯಾಗಿದ್ದರೆಂದು ನನಗೆ ಗೊತ್ತಾದದ್ದು ಅವರ ಹೆಂಡತಿಯಿಂದ. ಆಕೆ ಮರೆವಿನ ಕಾಯಿಲೆಯಾಗಿ ನಗರಸಭೆಯವರು ನಡೆಸುವ ವೃದ್ಧರ ಮನೆಯಲ್ಲಿದ್ದರು. ಮೇಷ್ಟ್ರ ಮಧ್ಯಾಹ್ನಗಳೆಲ್ಲ ಅಲ್ಲೇ ಕಳೆಯುತ್ತಿದ್ದುದರಿಂದ ನನ್ನ ಪ್ರಬಂಧದ ಚರ್ಚೆಯೂ ಆಕೆಯ ಕೋಣೆಯ ಕಿಟಕಿಯ ಬಳಿ ನಡೆಯತೊಡಗಿತು. ಕಾಫಿ, ದಾಲ್ಚಿನ್ನಿ ಬನ್ನು, ನಡುವೆ ನನ್ನ ಹಾಳೆಗಳು. ಆಕೆ ಒಂದು ಕಾಲಕ್ಕೆ ಅವರ ಚರ್ಚಿನಲ್ಲೇ ಆರ್ಗನ್ ನುಡಿಸುತ್ತಿದ್ದವರು. ಈಗಲೂ ಬೆರಳುಗಳು ಮೇಜಿನ ಬಟ್ಟೆಯ ಮೇಲೆ ಸದ್ದಿಲ್ಲದೆ ನುಡಿಸುತ್ತಿದ್ದವು.

"ಇವರು ಒಳ್ಳೆ ಪಾದ್ರಿ" ಎಂದು ಆಕೆ ಪ್ರತಿ ಸಲವೂ ನನಗೆ ಪರಿಚಯ ಮಾಡಿಕೊಡುತ್ತಿದ್ದರು. "ಉಪದೇಶ ಮಾತ್ರ ಸ್ವಲ್ಪ ಉದ್ದ."

"ಸ್ವಲ್ಪ ಅಲ್ಲಮ್ಮ, ತುಂಬಾನೇ ಉದ್ದ" ಎಂದು ನಾನು ನನ್ನ ಮುರುಕು ಸ್ವೀಡಿಷ್‌ನಲ್ಲಿ ಅಂದರೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಹೊರಡುವ ಹೊತ್ತಿಗೆ ಮಾತ್ರ ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆಕೆ ತಲೆ ಬಾಗಿಸಿ ಕಾಯುತ್ತಿದ್ದರು. ಪಾದ್ರಿಯಾದವರು ಪೂಜೆಯ ಕೊನೆಗೆ ಎರಡೂ ಕೈ ಎತ್ತಿ ಹೇಳುವ ಆಶೀರ್ವಾದವನ್ನು ಗಂಡ ಹಿಂದೆಲ್ಲ ಮನೆಯಲ್ಲೂ ದಿನಾ ಹೇಳುತ್ತಿದ್ದರಂತೆ. ಆಕೆಯ ಪಾಲಿಗೆ ಅವರು ಇನ್ನೂ ಪಾದ್ರಿ. ಮೇಷ್ಟ್ರು ಆಕೆಯ ಸ್ವೆಟರಿನ ಗುಂಡಿ ಹಾಕಿ, ಹಣೆಗೆ ಮುತ್ತಿಟ್ಟು, "ನಾಳೆ ಬರ್ತೀನಿ" ಎಂದು ಕೈಗಳನ್ನು ಜೇಬಿಗೆ ಸೇರಿಸುತ್ತಿದ್ದರು. ನಾವು ಬಾಗಿಲು ದಾಟಿದರೂ ಆಕೆಯ ತಲೆ ಬಾಗಿಯೇ ಇರುತ್ತಿತ್ತು.

ಒಂದು ದಿನ ಬಸ್ ಸ್ಟಾಪಿನಲ್ಲಿ ನಾನು ತಡೆಯಲಾರದೆ ಕೇಳಿದೆ: "ಒಂದು ಸಲ ಹೇಳಿಬಿಡಿ ಸರ್. ನಿಮ್ಮ ಗಂಟೇನು ಹೋಗುತ್ತೆ?"

ಅವರಿಗೆ ಕೋಪ ಬರಲಿಲ್ಲ. ಒಂದು ಭಾನುವಾರ ಕೈ ಎತ್ತಿ ಆಶೀರ್ವಾದ ಹೇಳುತ್ತಿರುವಾಗಲೇ 'ಇದನ್ನ ಯಾರ ಪರವಾಗಿ ಹೇಳ್ತಿದೀನಿ?' ಅನ್ನಿಸಿತಂತೆ. ಉತ್ತರ ಬರಲಿಲ್ಲ. ಕೈ ಇಳಿಸಿದವರು ಆ ವಾರವೇ ಪಾದ್ರಿ ಕೆಲಸ ಬಿಟ್ಟರು. ಹೆಂಡತಿ ಮುಂದಿನ ಭಾನುವಾರ ಒಬ್ಬರೇ ಹೋಗಿ ಆರ್ಗನ್ ನುಡಿಸಿ ಬಂದರು.

"ಉಕ್ಕಿನ ಕಾರ್ಖಾನೆಯವನ ಮಗ ನಿನ್ನ ಕಡೆ ಇದಾನೆ" ಅಂದರು, ಇನ್ನೊಬ್ಬ ತತ್ತ್ವಜ್ಞನನ್ನು ಎಳೆದು ತಂದು. "ಮಾತಿನ ಅರ್ಥ ಆಕಾಶದಲ್ಲಿಲ್ಲ, ಜನ ಅದನ್ನ ಬಾಳಿನಲ್ಲಿ ಬಳಸೋ ರೀತಿಯಲ್ಲಿದೆ ಅಂತಾನೆ."

"ಮತ್ತೆ ಹೇಳಿ ಸರ್."

"ಆ ಬಾಳಿನಿಂದ ನಾನು ಎದ್ದು ಬಂದಾಯ್ತಲ್ಲ. ಈಗ ಹೇಳಿದ್ರೆ ನಾಟಕದಲ್ಲಿ ರಾಜನ ವೇಷ ಹಾಕಿದವನು ಜಹಗೀರು ಕೊಟ್ಟ ಹಾಗೆ. ಅವಳಿಗೆ ನಾನು ಯಾವತ್ತೂ ಖೊಟ್ಟಿ ನಾಣ್ಯ ಕೊಟ್ಟವನಲ್ಲ."

"ಆಕೆ ಬೇಡ್ತಿರೋದು ನಿಮ್ಮನ್ನ ಸರ್. ದೇವರನ್ನಲ್ಲ."

ಬಸ್ಸು ಬಂತು. ಇಡೀ ದಾರಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಚಳಿ ಕಳೆದು ಹಿಮ ಕರಗುತ್ತಿದ್ದಾಗ, ಪ್ರಬಂಧದ ಕೊನೆಯ ತಿದ್ದುಪಡಿ ತರಲು ಅವರ ಮನೆಗೆ ಹೋದೆ. ಹಾಲಿನಲ್ಲಿ ಇಸ್ತ್ರಿ ಮಣೆ ನಿಂತಿತ್ತು. ಅದರ ಮೇಲೆ ಪಾದ್ರಿಗಳು ತೊಡುವ ಕಪ್ಪು ಅಂಗಿ. ಪಕ್ಕದಲ್ಲಿ ಅದರ ಬಿಳಿ ಕಾಲರ್ ಪಟ್ಟಿ. ಎಷ್ಟು ವರ್ಷ ಮಡಿಸಿಟ್ಟದ್ದೋ, ಮಡಿಕೆಗಳು ಗೆರೆ ಕೊರೆದಂತೆ ಕೂತಿದ್ದವು. ಮೇಷ್ಟ್ರು ತಣ್ಣಗಿದ್ದ ಇಸ್ತ್ರಿ ಪೆಟ್ಟಿಗೆಯಿಂದ ಅದನ್ನು ಸುಮ್ಮನೆ ಒರೆಸುತ್ತಿದ್ದರು.

ಇನ್ನೊಬ್ಬರ ಬಟ್ಟೆಗೆ ಇಸ್ತ್ರಿ ಹಿಡಿಯುವುದಿಲ್ಲವೆಂದು ಡಿಗ್ರಿ ಬಂದ ದಿನ ಹಟ ತೊಟ್ಟವಳು ನಾನು. ಅವರು ಕೇಳಲೂ ಇಲ್ಲ. ನಾನೇ ಅವರ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಕಾಯಿಸಿ, ಅಪ್ಪನ ಹಾಗೆ ನೀರು ಚಿಮುಕಿಸಿ, ತೋಳಿನಿಂದ ಶುರುಮಾಡಿದೆ.

"ತಾಳುತ್ತಾ ಸರ್?" ಅಂದೆ.

"ತಾಳಲ್ಲ" ಅಂದರು. "ಆದರೂ ಕಾಲಿಡ್ತೀನಿ. ಮುಳುಗಿದ್ರೆ ಮುಳುಗಲಿ."

ಇಬ್ಬರೂ ಹೋದೆವು. ಆಕೆ ಕಿಟಕಿಯ ಬಳಿ ಕೂತಿದ್ದರು. ಮೇಷ್ಟ್ರು ಕೋಟು ಕಳಚಿ ಕುರ್ಚಿಗೆ ಹಾಕಿದರು. ಕಪ್ಪು ಅಂಗಿ, ಬಿಳಿ ಕಾಲರ್. ಆಕೆಯ ಎದುರು ನಿಂತು ಎರಡೂ ಕೈ ಎತ್ತಿದರು. ಬಾಯಿ ತೆರೆದರು.

ಆಕೆ ತಲೆ ಬಾಗಿಸಲಿಲ್ಲ. ಅವರನ್ನೇ ಮೇಲಿಂದ ಕೆಳಗೆ ನೋಡಿ, ಅಪರಿಚಿತರೊಡನೆ ಆಡುವ ನಯದ ದನಿಯಲ್ಲಿ, "ಬಂದದ್ದು ಸಂತೋಷ ಪಾದ್ರಿಗಳೇ. ಆದರೆ ನಿಮ್ಮದು ಬೇಡ. ನನ್ನ ಗಂಡ ಬರ್ತಾರೆ. ಅವರೇ ಹೇಳಬೇಕು. ನಾನು ಕಾಯ್ತೀನಿ" ಅಂದರು.

"ನಾನೇ ಕಣೇ" ಅಂದರು ಮೇಷ್ಟ್ರು.

"ಅವರು ಬೂದು ಕೋಟು ಹಾಕ್ತಾರೆ" ಅಂದರು ಆಕೆ, ಹುಡುಗರಿಗೆ ತಿಳಿಹೇಳುವ ಹಾಗೆ.

ನಾನು ಓಡಿಹೋಗಿ ಕುರ್ಚಿಯ ಮೇಲಿದ್ದ ಕೋಟು ತಂದೆ. ಮೇಷ್ಟ್ರು ತೊಟ್ಟರು. ಅಷ್ಟರಲ್ಲಿ ಆಕೆ ಹೊರಗಿನ ಮರದ ಕಡೆ ತಿರುಗಿದ್ದರು. ಬೆರಳುಗಳು ಬಟ್ಟೆಯ ಮೇಲೆ ಏನನ್ನೋ ನುಡಿಸುತ್ತಿದ್ದವು. ಮತ್ತೆ ಈ ಕಡೆ ತಿರುಗಲಿಲ್ಲ. ಆವತ್ತಿನಿಂದ ಅವರು ಕೋಟಿನಲ್ಲಿ ಹೋದರೂ ಅಂಗಿಯಲ್ಲಿ ಹೋದರೂ ಆಕೆಗೆ ಅವರು ಗಂಡನಾಗಲಿಲ್ಲ. ಆ ಬೇಸಿಗೆಯಲ್ಲಿ ಆಕೆ ತೀರಿಕೊಂಡರು, ಕಾಯುತ್ತಲೇ.

ಆಶೀರ್ವಾದ ಹೇಳಲಾಗದ ಆ ಸಂಜೆ ಬಸ್ಸಿನಲ್ಲಿ ಮೇಷ್ಟ್ರು ಬಿಳಿ ಪಟ್ಟಿಯನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದರು. "ಈಗ ಹೇಳು, ಯಾವ ಪುಸ್ತಕ ತೆಗೀಲಿ?" ಅಂದರು. ಮುನ್ನೂರು ವರ್ಷ ಅವರೆಲ್ಲ ಕಟ್ಟಿದ್ದು, ಕೆಡವಿದ್ದು ಅಷ್ಟೂ ನನಗೆ ಬಾಯಿಪಾಠ. ಅದಕ್ಕೆ ನನಗೆ ಡಿಗ್ರಿಯೂ ಬಂತು, ಒಳ್ಳೆಯ ದರ್ಜೆಯಲ್ಲೇ. ಒಬ್ಬ ಮುದುಕಿಯ ಬಾಗಿದ ತಲೆಯ ಮೇಲೆ ಇಡಲು ಅದರಲ್ಲಿ ಒಂದು ಮಾತು ಸಿಗಲಿಲ್ಲ.

ಮೇಷ್ಟ್ರು ಮುಂದಿನ ಚಳಿಗಾಲವನ್ನು ದಾಟಲಿಲ್ಲ. ಚರ್ಚು ಬೇಡ, ಪಾದ್ರಿ ಬೇಡ ಎಂದು ಮೊದಲೇ ಹೇಳಿಟ್ಟಿದ್ದರು. ಇಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ಶವಪೆಟ್ಟಿಗೆಯ ಬಳಿ ಹೋಗಿ, ಹೂವಿಟ್ಟು, ಏನಾದರೂ ಮೆಲ್ಲಗೆ ಹೇಳಿ ಬರುತ್ತಾರೆ. ನನ್ನ ಸರದಿ ಬಂತು. ಹೂವಿಟ್ಟೆ. ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ ಅನ್ನೋಣವೆಂದುಕೊಂಡೆ. ತಾಳುತ್ತದೆಯೇ? ಮತ್ತೆ ಸಿಗೋಣ ಸರ್ ಅನ್ನೋಣವೇ? ಅದೂ ತಾಳಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ಸುಮ್ಮನೆ ತಿರುಗಿ ಬಂದೆ.

ಮನೆಗೆ ಬಂದ ಮೇಲೆ ಅಮ್ಮ ಫೋನ್ ಮಾಡಿದಳು. ಅವಳಿಗೆ ಮೇಷ್ಟ್ರ ಮೇಲೆ ತುಂಬಾ ಅಭಿಮಾನ. ಅಪ್ಪನ ಕಸುಬನ್ನು ತರಗತಿಯಲ್ಲಿ ಎತ್ತಿ ಹೇಳಿದವರು.

"ಅವ್ರಿಗೆ ಕೈ ಮುಗ್ದು ಬಂದೇನೇ?" ಅಂದಳು. "ದೇವ್ರು ಒಳ್ಳೇದ್ ಮಾಡ್ಲಿ ಅಂತ ಅಂದೆ ತಾನೇ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳು ಕಾಯುತ್ತಿದ್ದಳು. ಅತ್ತ ಕಡೆ ಅವಳ ಉಸಿರು ಕೇಳಿಸುತ್ತಿತ್ತು.

"ಇಲ್ಲಮ್ಮ" ಅಂದೆ.

ಆಗ ನೋಡಿಕೊಂಡೆ, ನಾನಿನ್ನೂ ಕೋಟು ಬಿಚ್ಚಿರಲಿಲ್ಲ. ಫೋನ್ ಹಿಡಿಯದ ಕೈ ಜೇಬಿನೊಳಗೆ ಮುಷ್ಟಿ ಕಟ್ಟಿತ್ತು.