ಸೀಲು ಒಡೆಯದ ಚಿಂಗಮ್ ಡಬ್ಬಿ

ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ಏನಿದೆ ಎಂದು ಬಂದವರು ಕೇಳಿದರೆ ನನ್ನ ಹೆಂಡತಿ, "ನಮ್ಮವರ ಬುದ್ಧಿ ಐತ್ರಿ. ಎಲ್ಲೆರೆ ಹೊರಗ ಬಂದೀತಂತ ಕೀಲಿ ಹಾಕ್ಯಾರ" ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹೊರಗೆ ನಲವತ್ತು ಹುಡುಗರನ್ನು ಗದರಿಸಿ ಇತಿಹಾಸ ಹೇಳುವ ಮಾಸ್ತರನಿಗೆ ಮನೆಯಲ್ಲಿ ನಗುವುದೊಂದೇ ದಾರಿ.

ಟ್ರಂಕಿನಲ್ಲಿದ್ದದ್ದು ಕ್ರಿಕೆಟ್ ಆಟಗಾರರ ಕಾರ್ಡುಗಳು. ಒಂದು ಕಾಲಕ್ಕೆ ಚಿಂಗಮ್ ಪಾಕೀಟಿನೊಳಗೆ ಇಂಥದೊಂದು ಕಾರ್ಡು ಇಟ್ಟು ಮಾರುತ್ತಿದ್ದರು. ಅದು ಸಣ್ಣ ಹುಡುಗರಿಗಾಗಿ ಮಾಡಿದ ಮಾಲು. ನಾನು ಮಾತ್ರ ಮೀಸೆ ಬಂದ ಮೇಲೆ, ನೌಕರಿ ಹುಡುಕಿಕೊಂಡು ತಿರುಗುವ ವಯಸ್ಸಿನಲ್ಲಿ ಅದರ ಬೆನ್ನು ಹತ್ತಿದೆ. ಅರ್ಜಿ ಬರೆದು ಕೈ ನೋಯಬೇಕಾದ ದಿನಗಳಲ್ಲಿ ಚಿಂಗಮ್ ಅಗಿದು ದವಡೆ ನೋಯಿಸಿಕೊಂಡೆ. ಆಮೇಲೆ ಆ ಚಿಂಗಮ್ ಬರುವುದು ನಿಂತಿತು, ಹೇಗೋ ರೋಣದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು, ಮದುವೆಯಾಯಿತು. ಟ್ರಂಕು ಮಾತ್ರ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ನನ್ನ ಜೊತೆಗೇ ಬಂತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು, ರೋಣದಲ್ಲಿ ಇಂಟರ್‌ನೆಟ್ ಅಂಗಡಿ ಶುರುವಾಯಿತು. ಎಲ್ಲರೂ ಅಲ್ಲಿ ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದರೆ ನಾನು ಕಾರ್ಡು ಕೂಡಿಡುವ ಹುಚ್ಚರನ್ನು ಹುಡುಕುತ್ತಿದ್ದೆ. ದೇಶದಲ್ಲಿ ನಾನೊಬ್ಬನೇ ಅಲ್ಲ ಎಂದು ತಿಳಿದು ಬಹಳ ಸಮಾಧಾನವಾಯಿತು. ಅವರಲ್ಲಿ ಮುಂಬೈನ ಒಬ್ಬರು ದೊಡ್ಡ ಸಂಗ್ರಹಕಾರರು. ನಾನು ನನ್ನ ಸಂಪತ್ತಿನ ಪಟ್ಟಿಯನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಅವರಿಗೆ ಬರೆದು ಕಳಿಸಿದೆ. ಕಿಸೆಯಲ್ಲಿಟ್ಟು ಮೂಲೆ ಮುರಿದ ಕಾರ್ಡುಗಳಿಗೆ ರದ್ದಿಯ ಬೆಲೆಯೂ ಇಲ್ಲ ಎಂದು ಅವರ ಉತ್ತರ ಬಂತು. ಕೆಳಗೆ ಇನ್ನೊಂದು ಸಾಲಿತ್ತು. ನಿಮ್ಮ ಕಡೆಯ ಹಳೆಯ ಅಂಗಡಿಗಳಲ್ಲಿ ಒಡೆಯದ ಪಾಕೀಟು ಸಿಕ್ಕರೆ ತಿಳಿಸಿ, ಸೀಲು ಒಡೆಯದ ಇಡೀ ಡಬ್ಬಿ ಸಿಕ್ಕರೆ ಕೇಳಿದ ಬೆಲೆ ಕೊಡುತ್ತೇನೆ.

ಮೊದಲು ನನಗೆ ತಲೆಗೆ ಹೋಗಲಿಲ್ಲ. ಅವರೇ ತಿಳಿಸಿ ಹೇಳಿದರು. ಪಾಕೀಟಿನೊಳಗೆ ದೊಡ್ಡ ಆಟಗಾರನೊಬ್ಬನ ಮೊದಲ ಕಾರ್ಡು ಇರಬಹುದು, ಯಾರಿಗೂ ಬೇಡಾದವನದೂ ಇರಬಹುದು. ಒಡೆಯುವವರೆಗೆ ಆಸೆ ಜೀವಂತ. ಒಡೆದ ಮೇಲೆ ಅದು ಬರೀ ಕಾಗದ. ಅಂದರೆ ನಾನು ಹರೆಯದಲ್ಲಿ ತಿನ್ನದೆ ಸುಮ್ಮನೆ ಕುಳಿತಿದ್ದರೆ ಇಷ್ಟೊತ್ತಿಗೆ ಸಾಹುಕಾರನಾಗಿರುತ್ತಿದ್ದೆ. ಬಾಯಿ ಚಟವೇ ನನ್ನನ್ನು ಹಾಳು ಮಾಡುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದದ್ದು ಖರೇ ಆಯಿತು.

ಈ ಸುದ್ದಿಯನ್ನು ಹೆಂಡತಿಯ ಮುಂದೆ ಜಂಬದಿಂದ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೇ, "ದೀಪಾವಳಿ ತನಕಾ ನೋಡ್ತೇನ್ರಿ. ಅಷ್ಟ್ರೊಳಗ ಆ ಹುಚ್ಚಿನಿಂದ ಮನಿಗೆ ಏನರೆ ಬಂತು, ಚಲೋ. ಇಲ್ಲಾ ಟ್ರಂಕ ಮೋಡ್ಕಾದವಗ" ಎಂದಳು. ಹಳೆ ಸಾಮಾನು ಕೊಳ್ಳುವವನು ವಾರಕ್ಕೊಮ್ಮೆ ನಮ್ಮ ಓಣಿಗೆ ಬರುತ್ತಿದ್ದ. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಹೀಗಾಗಿ ಟ್ರಂಕು ಉಳಿಯಬೇಕಾದರೆ ನನಗೊಂದು ಒಡೆಯದ ಡಬ್ಬಿ ಬೇಕೇ ಬೇಕಾಯಿತು.

ಮೊದಲು ಗಜೇಂದ್ರಗಡಕ್ಕೆ ಹೋದೆ. ಇಸ್ತ್ರಿ ಅಂಗಿ, ಕಂಕುಳಲ್ಲಿ ಫೈಲು, ಕಿಸೆಯಲ್ಲಿ ಪೆನ್ನು. ಅಂಗಡಿ ಅಂಗಡಿ ಹತ್ತಿ, "ನಿಮ್ಮಲ್ಲಿ ಭಾಳ ಹಳೇ ಚಿಂಗಮ್ ಅದಾವೇನ್ರಿ? ಹತ್ತು ವರ್ಷದ ಹಿಂದಿನವು?" ಎಂದು ಕೇಳಿದೆ. ಕೇಳಿದ ಕೂಡಲೇ ಅಂಗಡಿಯವರ ಮುಖ ಬಿಳಚಿಕೊಳ್ಳುತ್ತಿತ್ತು. "ಇಲ್ರಿ ಸಾಹೇಬ್ರ, ನಾವು ಹಳೇ ಮಾಲು ಇಡಾಂಗಿಲ್ರಿ, ಬೇಕಾದ್ರ ನೋಡ್ರಿ" ಎಂದು ಒಬ್ಬರು ಕುರ್ಚಿ ಹಾಕಿದರು, ಇನ್ನೊಬ್ಬರು ಚಹಾ ತರಿಸಿದರು. ನಾಲ್ಕನೆಯ ಚಹಾ ಕುಡಿಯುವಾಗ ನನಗೆ ಹೊಳೆಯಿತು. ಅವಧಿ ಮುಗಿದ ತಿನಿಸು ಹಿಡಿಯಲು ಬಂದ ಅಧಿಕಾರಿ ಎಂದು ಅವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ಆ ಮರ್ಯಾದೆ ನನಗೆ ಹಿತವಾಗಿತ್ತು, ಅದಕ್ಕೇ ಐದನೆಯ ಅಂಗಡಿಯಲ್ಲೂ ಚಹಾ ಕುಡಿದೆ. ಪಾಕೀಟು ಮಾತ್ರ ಸಿಗಲಿಲ್ಲ.

ನರಗುಂದಕ್ಕೆ ಹೋಗುವಾಗ ಹಳೇ ಅಂಗಿ ಹಾಕಿಕೊಂಡೆ. ಗುಡ್ಡದ ಕೆಳಗಿನ ಬಜಾರದಲ್ಲಿ ಒಂದು ಕಿರಾಣಿ ಅಂಗಡಿ. ಕಾಳು ಮಾರಲು ಬಂದ ರೈತರು ತಿರುಗಿ ಹೋಗುವಾಗ ಅಲ್ಲಿ ಸಂತೆ ಮಾಡುತ್ತಿದ್ದರು. ಅಂಗಡಿಯ ಮುದುಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮೇಲಿನ ಹಲಗೆಯಲ್ಲಿ, ಕಸಬರಿಗೆಗಳ ಹಿಂದೆ ಅದು ಕಂಡಿತು. ಇಡೀ ಡಬ್ಬಿ. ಮೇಲಿನ ಪ್ಲಾಸ್ಟಿಕ್ಕು ಒಂದು ಕಡೆಗೂ ಹರಿದಿರಲಿಲ್ಲ. ನನ್ನ ಎದೆ ಎಷ್ಟು ಹೊಡೆದುಕೊಂಡಿತೆಂದರೆ ಹೆಣ್ಣು ನೋಡಲು ಹೋದಾಗಲೂ ಹಾಗೆ ಹೊಡೆದುಕೊಂಡಿರಲಿಲ್ಲ. ಈ ಮಾತನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ನಮ್ಮಪ್ಪ ದನದ ಸಂತೆಗೆ ಕರೆದುಕೊಂಡು ಹೋದಾಗ ಒಂದು ಪಾಠ ಹೇಳಿಕೊಟ್ಟಿದ್ದ. ಮನಸ್ಸಿಗೆ ಬಂದ ಎತ್ತಿನ ಮಾರಿ ನೋಡಬಾರದು, ಬಾಜೂ ನಿಂತ ಎತ್ತಿನ ಹಲ್ಲು ಎಣಿಸಬೇಕು. ನಮ್ಮ ಕಡೆ ವ್ಯವಹಾರ ಎಂದರೆ ಇದೇ. ನಾನು ಅರ್ಧ ಕಿಲೋ ಬೆಲ್ಲ ತೂಗಿಸಿದೆ, ಶೇಂಗಾ ಜೊಳ್ಳಿವೆ ಎಂದು ಕೊಸರಿದೆ, ಬೇಡಾದ ಒಂದು ಕಸಬರಿಗೆಯನ್ನೂ ಕೊಂಡೆ. ಆಮೇಲೆ ಆಕಳಿಸುತ್ತ, "ಅದೇನ್ರಿ ಚಾಚಾ, ಮ್ಯಾಲಿಂದು?" ಎಂದೆ.

"ಅದಾ? ಹಳೇ ಚಿಂಗಮ್ ರೀ. ಕಂಪನಿಯವ ತಿರುಗಿ ಒಯ್ಯಲಿಲ್ಲ, ನನಗ ಚೆಲ್ಲಾಕ ಮನಸ್ಸಾಗಲಿಲ್ಲ."

ಅಧಿಕಾರಿ ಎಂದುಕೊಂಡಾರು ಎಂಬ ಅಂಜಿಕೆ ಒಂದು ಕಡೆ, ಬೆಲೆ ಏರಿಸಿಯಾರು ಎಂಬ ಅಂಜಿಕೆ ಇನ್ನೊಂದು ಕಡೆ. ಎರಡಕ್ಕೂ ಮದ್ದಾಗಿ ಒಂದು ಸುಳ್ಳು ಬಸ್ಸಿನಲ್ಲೇ ತಯಾರಾಗಿತ್ತು. "ನಾನು ಸಾಲಿ ಮಾಸ್ತರ ರೀ. ಮಕ್ಕಳಿಗೆ ಬಹುಮಾನ ಕೊಡೂದೈತಿ. ಆ ಡಬ್ಬಿ ಕೊಡ್ರಲ್ಲ" ಎಂದೆ.

"ಮಕ್ಕಳಿಗಾ? ತೋಬಾ ತೋಬಾ. ಎಷ್ಟು ವರ್ಷದ ಮಾಲ್ ರೀ ಅದು. ತಿಂದ್ರ ಹೊಟ್ಟಿ ಕೆಡ್ತಾವ."

"ಚಿಂಗಮ್ ಯಾರಿಗೆ ಬೇಕ್ರಿ ಚಾಚಾ. ಒಳಗಿನ ಚಿತ್ರ ಇದ್ರ ಸಾಕು."

ಮುದುಕರು ಮೇಲಿನ ಡಬ್ಬಿಯ ಕಡೆ ನೋಡಿ, "ಹಂಗಾದ್ರ ಐತವಾರ ಬರ್ರಿ ಮಾಸ್ತರ. ಧೂಳ ಹಿಡದೈತಿ, ತಯಾರ ಮಾಡಿ ಇಟ್ಟಿರ್ತೇನಿ" ಎಂದರು. ಈಗಲೇ ಕೊಡಿ ಎಂದು ಬಾಯಿಗೆ ಬಂದಿತ್ತು. ಅವಸರ ಮಾಡಿದರೆ ಎತ್ತಿನ ಮಾರಿ ನೋಡಿದಂತಾಗುತ್ತದೆ ಎಂದು ನುಂಗಿಕೊಂಡೆ. ಬಸ್ ಸ್ಟ್ಯಾಂಡಿನವರೆಗೆ ಕಸಬರಿಗೆ ಹೆಗಲ ಮೇಲಿಟ್ಟುಕೊಂಡು ಹೋದೆ, ನನ್ನಂಥ ಜಾಣ ಮೂರು ಊರಲ್ಲಿ ಇಲ್ಲವೆಂದು ಹಿಗ್ಗುತ್ತ. ಅವತ್ತೇ ಸಂಜೆ ಮುಂಬೈಗೆ ಬರೆದೆ. ಡಬ್ಬಿ ಸಿಕ್ಕಿದೆ, ಸೀಲು ಒಡೆದಿಲ್ಲ, ಕಾಯಿರಿ.

ರವಿವಾರ ಹೋದಾಗ ಚಾಚಾ ನನ್ನನ್ನು ಕಂಡ ಕೂಡಲೇ ರೊಕ್ಕದ ಗಲ್ಲೆಯ ಹಿಂದಿನಿಂದ ಎದ್ದು ಬಂದರು. ನನ್ನ ಕೈಗೊಂದು ಕಟ್ಟು ಕೊಟ್ಟರು. ಕಾರ್ಡುಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿ ಬಿಳಿ ದಾರದಿಂದ ಕಟ್ಟಿದ್ದರು.

"ಎಲ್ಲಾ ಬಿಚ್ಚೇನ್ರಿ ಮಾಸ್ತರ. ಚಿತ್ರಕ್ಕ ಚಿಂಗಮ್ ಪುಡಿ ಹತ್ತಿತ್ತು, ಮೆತ್ತನ್ನ ಅರಿವಿಲೆ ಒರಸೇನಿ. ಎರಡು ದಿನ ಹಿಡೀತು. ಉಗುರು ನೋಯಾಕ ಹತ್ಯಾವ ನೋಡ್ರಿ."

"ಪಾಕೀಟ?" ಎಂದೆ.

"ಒಲಿಗೆ ಹಾಕಿದೆ. ಚಿಂಗಮ್ ಮಾತ್ರ ಹಿತ್ತಲದಾಗ ತೆಗ್ಗು ತೋಡಿ ಮುಚ್ಚೇನಿ, ಎಲ್ಲೆರೆ ದನಾ ತಿಂದಾವು. ಮಕ್ಕಳ ಕೈಗೆ ಒಂದೂ ಸಿಗಬಾರದು ನೋಡ್ರಿ."

ಹಣ ಕೊಡಲು ಹೋದರೆ ಮುಟ್ಟಲಿಲ್ಲ. ಮಕ್ಕಳ ಕೆಲಸಕ್ಕೆ ಏನು ರೊಕ್ಕ ಎಂದು ಬೈದು, ಮೇಲೆ ಒಂದು ಹಿಡಿ ಶೇಂಗಾ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಕುಳಿತು ಅಳುವುದೋ ನಗುವುದೋ ತಿಳಿಯದೆ ಶೇಂಗಾ ತಿಂದೆ. ಒಂದೂ ಜೊಳ್ಳು ಇರಲಿಲ್ಲ.

ಮನೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ಮುಗಿದ ಮೇಲೆ, "ಮಕ್ಕಳಿಗೆ ಯಾವಾಗ ಕೊಡ್ತೀರಿ?" ಎಂದು ಕೇಳಿದಳು. ನಾನು ಕಟ್ಟನ್ನು ಟ್ರಂಕಿಗೆ ಹಾಕುತ್ತಿದ್ದವನು ಅಲ್ಲೇ ನಿಂತೆ. "ಆ ಹಿರ್‍ಯಾ ಎರಡು ದಿನಾ ಉಗುರು ಸವಸ್ಯಾನ. ಟ್ರಂಕ ಇದ್ರ ಇರ್ಲಿ ಬಿಡ್ರಿ, ಇದು ಬ್ಯಾರೆ ಮಾತು. ಹೋಗಿ ಖರೇ ಹೇಳಿ ಬರ್ರಿ" ಎಂದಳು. ಟ್ರಂಕು ಉಳಿಯಿತು. ಆದರೆ ಆ ವಾರವೆಲ್ಲ ಪಾಠ ಹೇಳುವಾಗ ಮುಂದಿನ ಸಾಲಿನ ಮಕ್ಕಳ ಮುಖ ನೋಡಲು ನನಗೆ ಆಗಲಿಲ್ಲ. ಇವರ ಹೆಸರಿನಲ್ಲಿ ಒಬ್ಬ ಒಳ್ಳೆಯ ಮನುಷ್ಯನಿಗೆ ಮೋಸ ಮಾಡಿದ್ದೆ.

ಮುಂದಿನ ರವಿವಾರ ಮತ್ತೆ ನರಗುಂದ. ನಾನು ಬಾಯಿ ತೆರೆಯುವ ಮೊದಲೇ ಚಾಚಾ ಗಲ್ಲೆಯ ಕೆಳಗಿನಿಂದ ಇನ್ನೊಂದು ಕಟ್ಟು ತೆಗೆದರು. ಅದೇ ಬಿಳಿ ದಾರ.

"ನಿಮ್ಮ ಸಾಲ್ಯಾಗ ಮಕ್ಕಳು ಭಾಳ ಇರ್ತಾರ, ಒಂದು ಡಬ್ಬಿ ಎಲ್ಲಿ ಸಾಲಬೇಕು ಅಂತ ಗಜೇಂದ್ರಗಡಕ್ಕ ನಮ್ಮ ಬೀಗರಿಗೆ ಹೇಳಿ ಕಳಿಸಿದ್ದೆ. ಅವರ ಅಂಗಡಿಯಾಗೂ ಒಂದು ಡಬ್ಬಿ ಹಂಗ ಉಳದಿತ್ತು. ಯಾವನೋ ಅಧಿಕಾರಿ ಫೈಲ್ ಹಿಡಕೊಂಡು ಬಂದಿದ್ನಂತ, ಅಂಜಿ ಅಟ್ಟದ ಮ್ಯಾಲೆ ಮುಚ್ಚಿಟ್ಟಿದ್ರು. ಅದನ್ನೂ ಬಿಚ್ಚೇನಿ ತಗೋರಿ."

ನಾನು ಗೋಣಿ ಹೊದಿಸಿದ ಬೆಲ್ಲದ ಪೆಂಟಿಯ ಮೇಲೆ ಕುಳಿತುಬಿಟ್ಟೆ. ಅಲ್ಲೇ ಕುಳಿತು ಎಲ್ಲ ಹೇಳಿದೆ. ಬಹುಮಾನ ಇಲ್ಲವೆಂದೆ, ಮುಂಬೈನವರ ಆಸೆ ಹೇಳಿದೆ, ಒಡೆಯದಿದ್ದರೆ ಎಷ್ಟು ಬರುತ್ತಿತ್ತೆಂದು ಹೇಳಿದೆ, ಫೈಲು ಹಿಡಿದ ಅಧಿಕಾರಿ ನಾನೇ ಎಂದೆ. ನಡುವೆ ಗಿರಾಕಿಯೊಬ್ಬರು ಬಂದಾಗ ಚಾಚಾ ಎದ್ದು ಉಪ್ಪು ಕೊಟ್ಟು ಬಂದು ಮತ್ತೆ ಕುಳಿತರು.

"ಖರೇ ಹೇಳಿದ್ರ ನಾ ಕೊಡ್ತಿದ್ದಿಲ್ಲೇನ್ರಿ?" ಎಂದಷ್ಟೇ ಕೇಳಿದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಏಳುವಾಗ ಅವರೇ ಕಟ್ಟನ್ನು ನನ್ನ ಚೀಲಕ್ಕೆ ಹಾಕಿದರು. "ಇವು ಮಕ್ಕಳಿಗೆ ಮುಟ್ಟಲಿ. ಮತ್ತ ಆ ಮುಂಬೈ ಸಾಹೇಬರಿಗೆ ಬರೀರಿ, ನರಗುಂದದಾಗ ಒಬ್ಬ ಹುಚ್ಚ ಮುದುಕ ಗೊತ್ತಾಗದ ಎಲ್ಲಾ ಒಡದುಬಿಟ್ಟ ಅಂತ. ನಿಮ್ಮ ಸುಳ್ಳಿಂದು ಹೇಳಾಕ ಹೋಗಬ್ಯಾಡ್ರಿ. ಮಾಸ್ತರ ಮನಷ್ಯಾ, ಹೆಸರು ಕೆಡಬಾರದು."

ಸೋಮವಾರ ಎರಡೂ ಕಟ್ಟುಗಳನ್ನು ಶಾಲೆಯಲ್ಲಿ ಹಂಚಿದೆ. ಕಾರ್ಡಿನಲ್ಲಿದ್ದ ಆಟಗಾರರಲ್ಲಿ ಬಹಳ ಜನ ಆಟ ಬಿಟ್ಟು ವರ್ಷಗಳೇ ಆಗಿದ್ದವು. "ಇವ್ರು ಯಾರ್‍ರೀ ಸರ್?" ಎಂದು ಮಕ್ಕಳು ಕೇಳಿದರು, ನಾನು ಒಬ್ಬೊಬ್ಬರ ಹೆಸರು ಹೇಳಿದೆ. ಸಂಜೆ ಇಂಟರ್‌ನೆಟ್ ಅಂಗಡಿಗೆ ಹೋಗಿ ಮುಂಬೈಗೆ ಪತ್ರ ಬರೆದೆ. ಡಬ್ಬಿ ಒಂದಲ್ಲ, ಎರಡಿದ್ದವು. ಎರಡನ್ನೂ ಒಡೆದವನು ನಾನೇ ಎಂದು ಬರೆದೆ.