ನೂರಾ ಅರವತ್ತಮೂರು ಬಾಗಿಲು

ಬುರುಲ್ ಎಜೆಯ ತಾಯಿಯ ಗೋರಿಕಲ್ಲಿನ ಮೇಲೆ ಹೆಸರಿದೆ, ಹುಟ್ಟಿದ ವರ್ಷವಿದೆ, ತೀರಿಕೊಂಡ ವರ್ಷವಿದೆ. ಮುಖವಿಲ್ಲ. ನಮ್ಮ ಸಾರಿಬುಲಾಕ್ ಊರಿನ ದಿಬ್ಬದ ಮೇಲಿನ ಉಳಿದ ಕರಿಕಲ್ಲುಗಳಲ್ಲೆಲ್ಲ ಒಂದೊಂದು ಮುಖ ಕೆತ್ತಿದೆ. ಅದೊಂದು ಮಾತ್ರ ಖಾಲಿ. ಆ ತಾಯಿಯ ಒಂದೇ ಒಂದು ಫೋಟೊ ಇದ್ದದ್ದು ಸಾಮೂಹಿಕ ಬೇಸಾಯದ ಕಾಲದ್ದು. ಅರವತ್ತು ಜನರ ಗುಂಪು, ಮೂರನೆಯ ಸಾಲು, ಅಕ್ಕಿಕಾಳಿನಷ್ಟು ಮುಖ. ನಾರಿನ್ ಪಟ್ಟಣದ ಕಲ್ಲುಕೆತ್ತುವವನು ಅದನ್ನು ಭೂತಗನ್ನಡಿಯಲ್ಲಿ ನೋಡಿ, "ಇದು ನಿಮ್ಮ ತಾಯೀನೋ, ಹಿಂದಿನ ಬೇಲಿಯ ಗೂಟಾನೋ ನಂಗೆ ಗೊತ್ತಾಗ್ತಿಲ್ಲ, ಎಜೆ" ಎಂದು ವಾಪಸು ಕೊಟ್ಟನಂತೆ.

ಬುರುಲ್ ಊರಿಗೆಲ್ಲ ಎಜೆ, ಅಂದರೆ ಅಕ್ಕ. ನಮ್ಮ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ರೊಟ್ಟಿ ಸುಡುವವರು. ನಾನು ಅದೇ ಶಾಲೆಯಲ್ಲಿ ಚರಿತ್ರೆ ಪಾಠ ಹೇಳುತ್ತೇನೆ. ಅವರ ರೊಟ್ಟಿ ತಿಂದೇ ಓದಿ ಬೆಳೆದವನು. ಈ ಬರಹ ಅವರು ಏಳು ವರ್ಷ ಹಿಡಿದು ಮುಗಿಸಿದ ಒಂದು ಕೆಲಸದ ಬಗ್ಗೆ.

ಎರಡು ಸಾವಿರದ ಎಂಟರಲ್ಲಿ ರಷ್ಯಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಅವರ ತಮ್ಮ ಒಂದು ಸಣ್ಣ ಕ್ಯಾಮೆರಾ ಕಳಿಸಿಕೊಟ್ಟ. ಎಜೆ ಅದನ್ನು ಒಂದು ತಿಂಗಳು ಕಪಾಟಿನಲ್ಲಿಟ್ಟು ನೋಡಿದರು. ಆಮೇಲೆ ಒಂದು ನಿಶ್ಚಯ ಮಾಡಿದರು. ಊರಿನಲ್ಲಿ ನೂರಾ ಅರವತ್ತಮೂರು ಮನೆ. ವಾರಕ್ಕೊಂದು ಭಾನುವಾರ. ಭಾನುವಾರಕ್ಕೊಂದು ಬಾಗಿಲು. ಆ ಮನೆಯವರೆಲ್ಲ ತಮ್ಮ ಬಾಗಿಲಿನ ಮುಂದೆ ನಿಲ್ಲಬೇಕು. ಬಾಗಿಲಿಗೆ ಒಂದೇ ಫೋಟೊ, ಎರಡನೆಯದಿಲ್ಲ. "ಎರಡು ಸಲ ಸುಟ್ಟ ರೊಟ್ಟಿ ಯಾರಿಗೆ ಬೇಕು?" ಎನ್ನುತ್ತಿದ್ದರು.

ಅವರ ಗಂಡ ಎಶಿಮ್, ಊರಿಗೆಲ್ಲ ಬಾಯ್ಕೆ, ಅಂದರೆ ಅಣ್ಣ, ಟ್ರ್ಯಾಕ್ಟರ್ ಓಡಿಸುವವರು. ಮಾತು ಸ್ವಲ್ಪ ಒರಟು. "ಮೂರು ಭಾನುವಾರ ಮಾಡ್ತೀಯ. ನಾಲ್ಕನೇದಕ್ಕೆ ಆ ಡಬ್ಬೀಲಿ ಉಪ್ಪು ಹಾಕಿಡ್ತೀಯ" ಎಂದರು.

"ಉಪ್ಪಿಗೆ ಬೇರೆ ಡಬ್ಬಿ ಇದೆ" ಎಂದರು ಎಜೆ.

ಆದರೆ ಬಾಯ್ಕೆಯ ಮಾತು ಹೆಚ್ಚುಕಡಿಮೆ ನಿಜವಾಗುತ್ತಿತ್ತು. ಕಾರಣ ಸೋಮಾರಿತನವಲ್ಲ, ರೊಟ್ಟಿ. ನಮ್ಮಲ್ಲಿ ಬಾಗಿಲಿಗೆ ಬಂದವರು ಆ ಮನೆಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೋಗುವಂತಿಲ್ಲ. ರೊಟ್ಟಿ ಅಂದಮೇಲೆ ಒಳಗೆ ಬರಬೇಕು, ಒಳಗೆ ಬಂದಮೇಲೆ ಚಹಾ, ಚಹಾ ಅಂದಮೇಲೆ ಕೆನೆ, ಜಾಮು, ಸೊಸೆಯ ಮೇಲಿನ ದೂರು. ಒಂದು ಫೋಟೊಗೆ ಮೂರು ಗಂಟೆ ಹಿಡಿಯಿತು. ಮನೆಗೆ ಬಂದರೆ ಹಸು ಕರೆದಿಲ್ಲ, ಬಟ್ಟೆ ಒಗೆದಿಲ್ಲ. ಐದನೆಯ ಮನೆ ಮುಗಿಯುವ ಹೊತ್ತಿಗೆ ಎಜೆಗೆ ಭಾನುವಾರ ಎಂದರೆ ಹೊಟ್ಟೆ ಭಾರವಾಗುತ್ತಿತ್ತು. ಹೊಸ್ತಿಲಲ್ಲೇ ನಿಂತು ಮುಗಿಸೋಣವೆಂದರೆ ಹೊಸ್ತಿಲ ಮೇಲೆ ನಿಲ್ಲುವುದು ಅಪಶಕುನ.

ಆರನೆಯ ಮನೆಯಲ್ಲಿ ಅವರು ಅಂಗಳದ ಮಧ್ಯದಲ್ಲಿ ನಿಂತು ಕೂಗಿದರು: "ರೊಟ್ಟೀನ ಇಲ್ಲಿಗೇ ತನ್ನಿ. ಇಲ್ಲೇ ಮುರಿದು ತಿಂತೀನಿ. ಒಳಗೆ ಬಂದ್ರೆ ನನ್ನ ಹಸು ನಿಮ್ಮನ್ನ ಶಪಿಸತ್ತೆ." ಮನೆಯೊಡತಿ ನಗುತ್ತ ರೊಟ್ಟಿ ಹಿಡಿದು ಬಾಗಿಲಿಗೆ ಬಂದಳು. ಎಜೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು, ಗುಂಡಿ ಒತ್ತಿದರು. ಆ ಮನೆಯಿಂದಾಚೆಗೆ ಎಲ್ಲ ಫೋಟೊಗಳಲ್ಲೂ ಯಾರಾದರೊಬ್ಬರ ಕೈಯಲ್ಲಿ ಅಂಚು ಮುರಿದ ರೊಟ್ಟಿ ಇದೆ. ಎಂಟನೆಯದು ನಮ್ಮ ಮನೆ. ರೊಟ್ಟಿ ಹಿಡಿದಿರುವುದು ನನ್ನ ಅಜ್ಜ, ಅದೂ ತಲೆಕೆಳಗಾಗಿ. ನಮ್ಮಲ್ಲಿ ರೊಟ್ಟಿಯ ಅಚ್ಚೊತ್ತಿದ ಮುಖ ಕೆಳಗಾಗಬಾರದು. ಎಜೆ ಆಗಲೂ ಎರಡನೆಯದು ತೆಗೆಯಲಿಲ್ಲ.

ದಾರಿ ಸಿಕ್ಕಿದ ಮೇಲೂ ಕೆಲಸ ಸುಲಭವಾಗಲಿಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಶೀತಕ್ಕೆ ಬ್ಯಾಟರಿ ಸತ್ತುಹೋಗುತ್ತಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಜನ ಸಾಲಾಗಿ ನಿಂತ ಮೇಲೆ ಹೊರತೆಗೆದು ಹಾಕುತ್ತಿದ್ದರು. ಕುರಿ ಈಯುವ ಮಾರ್ಚಿ, ಹುಲ್ಲು ಕೊಯ್ಯುವ ಜುಲೈ, ಆಲೂಗೆಡ್ಡೆ ಅಗೆಯುವ ಸೆಪ್ಟೆಂಬರು ಭಾನುವಾರಗಳನ್ನು ನುಂಗಿದವು. ಅದಕ್ಕಿಂತ ಕಷ್ಟದ್ದು ಯಾವ ಅಡ್ಡಿಯೂ ಇಲ್ಲದ ಭಾನುವಾರ ಎಂದು ಒಮ್ಮೆ ನನಗೆ ಹೇಳಿದ್ದರು. "ಬಿಸಿಲಿರತ್ತೆ, ಬಿಡುವಿರತ್ತೆ, ಮನಸ್ಸು ಮಾತ್ರ ಇರಲ್ಲ. ಮನಸ್ಸು ಬಂದಾಗ ಹೋಗೋದಾದ್ರೆ ವರ್ಷಕ್ಕೆ ನಾಲ್ಕು ಬಾಗಿಲು. ಮಕ್ಕಳ ಊಟಕ್ಕೆ ಮನಸ್ಸು ಬಂದಾಗ ರೊಟ್ಟಿ ಸುಡ್ತೀನಾ ನಾನು?"

ಪ್ರತಿ ಸಲ ಫೋಟೊ ತೆಗೆದ ಮುಂದಿನ ಭಾನುವಾರ ಬೆಳಿಗ್ಗೆ ಅತ್-ಬಾಶಿಯ ದನದ ಸಂತೆಗೆ ಹೋಗುವಾಗ ಎಶಿಮ್ ಬಾಯ್ಕೆ ಗೊಣಗುತ್ತಲೇ ಫೋಟೊಗಳನ್ನು ಅಚ್ಚು ಹಾಕಿಸಿ ತರುತ್ತಿದ್ದರು. ಒಂದು ಪ್ರತಿ ಆ ಮನೆಗೆ, ಒಂದು ಎಜೆಯ ಪೆಟ್ಟಿಗೆಗೆ. ಹೀಗೆ ಮೂರೂವರೆ ವರ್ಷದಲ್ಲಿ ನೂರಾ ಇಪ್ಪತ್ತಾರು ಬಾಗಿಲುಗಳಾದವು.

ಆ ಚಳಿಗಾಲದಲ್ಲೇ ಕೆಲಸ ನಿಂತದ್ದು.

ಹಳೆಯ ಕುರುಬ ಬೇಯ್ಶೆನ್ ಅಜ್ಜನ ಫೋಟೊ ತೆಗೆದದ್ದು ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ಅಜ್ಜ ತೀರಿಕೊಂಡರು. ಮನೆಯವರ ಬಳಿ ಬೇರೆ ಫೋಟೊ ಇರಲಿಲ್ಲ. ಎಜೆಯದನ್ನೇ ಒಯ್ದು ಕಲ್ಲಿನ ಮೇಲೆ ಕೆತ್ತಿಸಿದರು. ಕೆತ್ತುವವನು ರೊಟ್ಟಿಯನ್ನು ಬಿಟ್ಟು ಕೈಯನ್ನು ಹಾಗೇ ಉಳಿಸಿದ. ದಿಬ್ಬಕ್ಕೆ ಹೋದವರಿಗೆಲ್ಲ ಬೇಯ್ಶೆನ್ ಅಜ್ಜ ಖಾಲಿ ಬೊಗಸೆ ಮುಂದೆ ಚಾಚಿ ಏನನ್ನೋ ಕೇಳುತ್ತಿರುವಂತೆ ಕಾಣುತ್ತಿತ್ತು. ಜನವರಿಯಲ್ಲಿ ಒಬ್ಬ ಅಜ್ಜಿ ಹೋದರು, ಫೆಬ್ರವರಿಯಲ್ಲಿ ಇನ್ನೊಬ್ಬರು. ಇಬ್ಬರದೂ ಅದೇ ಶರತ್ಕಾಲದಲ್ಲಿ ತೆಗೆದ ಫೋಟೊ. ಕಲ್ಲಿನ ಮೇಲೂ ಅವೇ.

ಊರು ಆ ಮೂರು ಸಾವನ್ನು ಎಜೆಯ ಕ್ಯಾಮೆರಾದ ಲೆಕ್ಕಕ್ಕೆ ಕೂಡಿಸಿತು. ಮಾರ್ಚಿಯ ಒಂದು ಭಾನುವಾರ ಎಜೆ ಶಾರ್ಶೆನ್ ಎಂಬವನ ಮನೆಗೆ ಹೋದಾಗ ಅವನ ಹೆಂಡತಿ ಬಾಗಿಲನ್ನು ಅರ್ಧ ತೆರೆದು ನಿಂತಳು.

"ಇವತ್ತು ಬೇಡ, ಎಜೆ. ನಮ್ಮ ಮಾವಂಗೆ ಹುಷಾರಿಲ್ಲ."

"ಹುಷಾರಾದ ಮೇಲೆ ಬರ್ಲಾ?"

"ಹುಷಾರಾದ ಮೇಲೆ ಯಾಕೆ ಬರ್ತೀರ, ಎಜೆ?"

ರೊಟ್ಟಿ ಮಾತ್ರ ತಂದು ಕೊಟ್ಟಳು. ಅದನ್ನು ಕೊಡದಿರಲು ಯಾರಿಗೂ ಆಗುವುದಿಲ್ಲ. ಮುಂದಿನ ಮೂರು ಮನೆಗಳಲ್ಲೂ ಹೀಗೇ ಆಯಿತು: ರೊಟ್ಟಿ ಸಿಕ್ಕಿತು, ಫೋಟೊ ಸಿಗಲಿಲ್ಲ. ಎಜೆ ಕ್ಯಾಮೆರಾವನ್ನು ಗೋಡೆಯ ಬದಿಯ ರಜಾಯಿಗಳ ಅಟ್ಟಿಯ ಕೆಳಗೆ ಇಟ್ಟುಬಿಟ್ಟರು. ಉಳಿದದ್ದು ಮೂವತ್ತೇಳು ಬಾಗಿಲು.

ಆ ದಿನಗಳ ಬಗ್ಗೆ ಅವರು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. "ಮೊದಲ ಭಾನುವಾರ ಅತ್ತೆ. ಎರಡನೇದು ಹಾಯಾಗಿತ್ತು. ಮೂರನೇದೂ ಹಾಯಾಗಿತ್ತು. ಆಮೇಲೊಂದು ಭಾನುವಾರ, ಸಂಜೆವರೆಗೂ ಆ ಮೂವತ್ತೇಳು ನೆನಪಿಗೇ ಬರಲಿಲ್ಲ. ಅವತ್ತು ಹೆದರಿದೆ ನೋಡು. ಅಮ್ಮನ ಕಲ್ಲು ಖಾಲಿ ಇದೆ ಅಂತಾನೇ ನಾನು ಶುರು ಮಾಡಿದ್ದು. ಅದನ್ನೂ ಮರೆತುಬಿಡ್ತೀನೇನೋ ಅನ್ನಿಸ್ತು."

ಹೆದರಿದರೂ ರಜಾಯಿ ಎತ್ತಲಿಲ್ಲ. ಒಂದೂವರೆ ವರ್ಷ ಹಾಗೇ ಹೋಯಿತು.

ಎರಡು ಸಾವಿರದ ಹದಿಮೂರರ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಕಾಲಿಚಾ ಅಪಾ ಕೋಲೂರಿಕೊಂಡು ಶಾಲೆಯ ಅಡುಗೆಮನೆಗೆ ಬಂದರು. ಅಪಾ ಅಂದರೆ ಹಿರಿಯಮ್ಮ; ಆಗ ಅವರಿಗೆ ಎಂಬತ್ತನಾಲ್ಕು. ಹಿಂದೆ ಸಾಮೂಹಿಕ ಹಟ್ಟಿಯಲ್ಲಿ ಹಾಲು ಕರೆದು ಪದಕ ತೆಗೆದುಕೊಂಡವರು. ಮೊದಲ ಸುತ್ತಿನಲ್ಲಿ ಎಜೆ ಅವರ ಮನೆಗೆ ಹೋದಾಗ, "ನನ್ನ ಮುಖ ನೋಡಿ ಹಸು ಹಾಲು ಕೊಡ್ತಿತ್ತು. ನಿನ್ನ ಡಬ್ಬಿ ಏನು ಕೊಡತ್ತೆ?" ಎಂದು ಅಟ್ಟಿದ್ದರು. ಅಂದು ನಾನು ಅಡುಗೆಮನೆಯಲ್ಲೇ ಊಟಕ್ಕೆ ಕುಳಿತಿದ್ದೆ.

"ಏ ಬುರುಲ್, ನೀನು ಫೋಟೊ ತೆಗೆದ್ರೆ ಸಾಯ್ತಾರಂತೆ, ಹೌದಾ?"

"ಜನ ಹಾಗಂತಾರೆ, ಅಪಾ."

"ನೀನೇನಂತೀಯ?"

"ಅವರಿಗೆಲ್ಲ ಎಂಬತ್ತು ದಾಟಿತ್ತು ಅಂತೀನಿ."

"ನಂಗೂ ದಾಟಿದೆ. ಭಾನುವಾರ ಬಾ."

ಎಜೆ ಹಿಟ್ಟಿನ ಕೈ ಒರೆಸಿಕೊಂಡರು. "ಬೇಡ ಅಪಾ. ನಿಮಗೇನಾದ್ರೂ ಆದ್ರೆ?"

"ಆದ್ರೆ ನಂಗಾಗತ್ತೆ. ನಿಂಗೇನು ಹೋಗತ್ತೆ?"

"ನನ್ನ ಮೂವತ್ತೇಳು ಬಾಗಿಲು ಹೋಗತ್ತೆ. ಆಮೇಲೆ ಈ ಊರಲ್ಲಿ ಯಾರೂ ನನ್ನ ಮುಂದೆ ನಿಲ್ಲಲ್ಲ."

ಅಪಾ ನನ್ನ ಕಡೆ ತಿರುಗಿ, "ಕೇಳಿದ್ಯಾ ಮೇಷ್ಟ್ರೇ? ಮುದುಕಿ ಸತ್ರೆ ಇವಳಿಗೆ ಬಾಗಿಲಿನ ಚಿಂತೆ" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಆಯ್ತು. ನೂರೂಜ್ ಹಬ್ಬದವರೆಗೂ ನಾನು ಸಾಯಲ್ಲ. ಚಳಿ ದಾಟಿಸಿ ಕೊಡ್ತೀನಿ. ಆಮೇಲೆ ನನ್ನಿಷ್ಟ. ಸರೀನಾ?"

ಭಾನುವಾರ ಎಜೆ ಹೋದರು. ಅಪಾ ಪದಕ ಚುಚ್ಚಿಕೊಂಡು, ಬಿಳಿ ವಸ್ತ್ರ ತಲೆಗೆ ಸುತ್ತಿಕೊಂಡು, ಬಾಗಿಲ ಮುಂದೆ ರೊಟ್ಟಿ ಹಿಡಿದು ನಿಂತರು. ಬೇಲಿಯ ಆಚೆ ಹನ್ನೆರಡು ಜನ ಸೇರಿದ್ದರು. ಎಜೆ ಬೇಲಿಯ ಕಡೆ ಒಂದು ಕಣ್ಣಿಟ್ಟೇ ಗುಂಡಿ ಒತ್ತಿದರು. ಆ ಫೋಟೊದ ಒಂದು ಅಂಚು ಮಬ್ಬಾಗಿದೆ.

ಆ ಚಳಿಗಾಲದಲ್ಲಿ ಸಾರಿಬುಲಾಕ್ ಊರಿಗೆ ಊರೇ ಒಂದು ಹೊಗೆಗೂಡನ್ನು ನೋಡುತ್ತಿತ್ತು. ಬೆಳಿಗ್ಗೆ ಕಾಲಿಚಾ ಅಪಾ ಮನೆಯ ಮೇಲೆ ಹೊಗೆ ಎದ್ದರೆ, "ಇದಾರೆ" ಎನ್ನುತ್ತಿದ್ದರು. ಮಕ್ಕಳು ತರಗತಿಗೆ ಬಂದು ನನಗೆ ವರದಿ ಕೊಡುತ್ತಿದ್ದರು. ಜನವರಿಯಲ್ಲಿ ಅಪಾಗೆ ಕೆಮ್ಮು ಹಿಡಿಯಿತು. ಎಜೆ ದಿನವೂ ಬಿಸಿ ಹಾಲಿಗೆ ಕುರಿಬಾಲದ ಕೊಬ್ಬು ಕರಗಿಸಿ ಒಯ್ದರು. ಒಂದು ದಿನ ಶಾಲೆಗೆ ಬಂದವರು ರೊಟ್ಟಿ ತಟ್ಟುತ್ತ ತಲೆಯೆತ್ತದೆ ಹೇಳಿದರು: "ಅಪಾ ಬದುಕ್ಲಿ ಅಂತ ಬೇಡ್ಕೋತೀನಿ. ಅರ್ಧ ಅವರಿಗೋಸ್ಕರ, ಅರ್ಧ ಬಾಗಿಲಿಗೋಸ್ಕರ. ನಾಚಿಕೆ ಆಗತ್ತೆ."

ಸಂಜೆ ಹಾಲು ಕೊಡುವಾಗ ಅದನ್ನೇ ಅಪಾಗೂ ಹೇಳಿದರಂತೆ. ಅಪಾ ಬಟ್ಟಲು ಖಾಲಿ ಮಾಡಿ, "ಅರ್ಧ ಸಾಕು. ನನ್ನ ಮಕ್ಕಳು ಅಷ್ಟೂ ಬೇಡ್ಕೊಳಲ್ಲ" ಎಂದರಂತೆ.

ಮಾರ್ಚಿ ಇಪ್ಪತ್ತೊಂದು, ನೂರೂಜ್, ನಮ್ಮ ಹೊಸವರ್ಷ. ರಸ್ತೆಯಲ್ಲಿ ಇನ್ನೂ ಮಂಜುಗಡ್ಡೆ ಕರಗುತ್ತಿತ್ತು. ಶಾಲೆಯ ಅಂಗಳದಲ್ಲಿ ಮೊಳಕೆ ಗೋಧಿಯ ಪಾಯಸ ದೊಡ್ಡ ಕಡಾಯಿಯಲ್ಲಿ ಕುದಿಯುತ್ತಿದ್ದಾಗ ಕಾಲಿಚಾ ಅಪಾ ಮೇಲಿನ ಬೀದಿಯಿಂದ ಇಳಿದು ಬಂದರು. ನಮ್ಮತ್ತ ಬರದೆ ನೇರವಾಗಿ ಶಾರ್ಶೆನ್‌ನ ಮನೆಗೆ ಹೋಗಿ ಕೋಲಿನಿಂದ ಬಾಗಿಲು ಬಡಿದರು.

"ಸಂದೀಲಿ ನೋಡಬೇಡ, ಪೂರ್ತಿ ತೆಗಿ. ನಾನು ಸತ್ತಿದೀನಾ?"

"ಇಲ್ಲ, ಅಪಾ" ಎಂದಳು ಶಾರ್ಶೆನ್‌ನ ಹೆಂಡತಿ.

"ನಿಮ್ಮ ಮಾವ ಎಲ್ಲಿ? ನನಗಿಂತ ಆರು ವರ್ಷ ಚಿಕ್ಕವನು. ಟೋಪಿ ಹಾಕ್ಕೊಂಡು ಬಂದು ನಿಲ್ಲೋಕೆ ಹೇಳು. ಬುರುಲ್, ಡಬ್ಬಿ ಎಲ್ಲಿ?"

ಡಬ್ಬಿ ಎಜೆಯ ಕೋಟಿನೊಳಗೇ ಇತ್ತು. ಬ್ಯಾಟರಿ ಕಂಕುಳಲ್ಲಿತ್ತು. ಅಂದು ಭಾನುವಾರವಲ್ಲ, ಶುಕ್ರವಾರ. ಅದೊಂದು ಸಲ ಅವರು ತಮ್ಮ ನಿಯಮ ಮುರಿದರು. ಶಾರ್ಶೆನ್‌ನ ಅಪ್ಪ ಟೋಪಿ ಸರಿಮಾಡಿಕೊಳ್ಳುತ್ತ ಬಂದರು, ರೊಟ್ಟಿ ಬಂತು, ಎಜೆ ಮುರಿದು ತಿಂದರು, ಒತ್ತಿದರು. ಪಕ್ಕದ ಮನೆಯವರು ಬೇಲಿಯ ಮೇಲಿಂದ, "ಎಜೆ, ಮುಂದಿನ ಭಾನುವಾರ ನಮ್ಮದಾ?" ಎಂದು ಕೂಗಿದರು.

ಅಲ್ಲಿಂದ ಒಂದು ವರ್ಷದ ಮೇಲೆ ನಾಲ್ಕು ತಿಂಗಳಾಯಿತು. ಮದುವೆ, ಹುಲ್ಲು, ಆಲೂಗೆಡ್ಡೆ, ಎಜೆಯ ಮೊಣಕಾಲಿನ ನೋವು. ಎರಡು ಸಾವಿರದ ಹದಿನೈದರ ಬೇಸಿಗೆಯಲ್ಲಿ ನೂರಾ ಅರವತ್ತಮೂರನೆಯ ಬಾಗಿಲಿಗೆ ಬಂದರು. ಅದು ಅವರದೇ.

ಕ್ಯಾಮೆರಾ ಹಿಡಿಯಬೇಕಾದದ್ದು ಎಶಿಮ್ ಬಾಯ್ಕೆ. ಅವರು ಅಂಗಳದಲ್ಲಿ ನಿಂತು, "ಪದ್ಧತಿ ಪ್ರಕಾರ ಆಗ್ಲಿ. ನಾನೀಗ ಬಂದವನು. ರೊಟ್ಟಿ ಕೊಡು" ಎಂದರು. ಎಜೆ ಕೊಟ್ಟರು. ಬಾಯ್ಕೆ ಚೂರು ಮುರಿಯಲಿಲ್ಲ, ಕಾಲುಭಾಗ ಮುರಿದು ಬಾಯಿಗೆ ತುರುಕಿಕೊಂಡರು. ಬಾಯಿ ತುಂಬಿಕೊಂಡೇ ಹಿಂದೆ ಸರಿಯುತ್ತ, ಅಗಿಯುತ್ತ, ನೆಗಡಿಯಾದವರಂತೆ ಉಸಿರೆಳೆಯುತ್ತ ಗುಂಡಿ ಒತ್ತಿದರು.

ಫೋಟೊದಲ್ಲಿ ಬಾಗಿಲು ಓರೆಯಾಗಿದೆ. ಬುರುಲ್ ಎಜೆಗೆ ಕುತ್ತಿಗೆಯವರೆಗೆ ಮಾತ್ರ ಜಾಗ ಸಿಕ್ಕಿದೆ.

ಆ ಸೆಪ್ಟೆಂಬರಿನಲ್ಲಿ ಶಾಲೆಯ ಮೊಗಸಾಲೆಯಲ್ಲಿ ಎಲ್ಲವನ್ನೂ ಮನೆಗಳ ಸಾಲಿನಂತೆಯೇ ತೂಗುಹಾಕಿದೆವು: ಮೇಲಿನ ಬೀದಿ ಎಡಗೋಡೆಗೆ, ಕೆಳಗಿನ ಬೀದಿ ಬಲಗೋಡೆಗೆ. ಮುಖ್ಯೋಪಾಧ್ಯಾಯರು ಎಜೆಯ ಫೋಟೊ ಮುಂದೆ ನಿಂತು, "ಇದೊಂದನ್ನ ಮತ್ತೆ ತೆಗೆಸೋಣ, ಎಜೆ. ತೆಗೆದವರದೇ ತಲೆ ಇಲ್ಲ ಅಂದ್ರೆ ಹೇಗೆ?" ಎಂದರು.

"ಬಾಗಿಲಿಗೆ ಒಂದೇ" ಎಂದರು ಎಜೆ.

ಕಾಲಿಚಾ ಅಪಾ ತಮ್ಮ ಮಬ್ಬು ಫೋಟೊವನ್ನು ದೃಷ್ಟಿಯಿಟ್ಟು ನೋಡಿ, ಆಮೇಲೆ ಎಜೆಯದರ ಬಳಿ ಬಂದರು. "ಎಶಿಮ್, ಇವಳ ತಲೆ ಎಲ್ಲಿಟ್ಟೆ?"

"ನುಂಗಿದೆ, ಅಪಾ" ಎಂದರು ಬಾಯ್ಕೆ. "ರೊಟ್ಟಿ ಜೊತೆ."

ಇವತ್ತಿಗೂ ಹೊರಗಿನಿಂದ ಬಂದ ಅಧಿಕಾರಿಗಳು ಮೊಗಸಾಲೆಯಲ್ಲಿ ನಡೆದುಬಂದು ಕೊನೆಯ ಫೋಟೊದ ಮುಂದೆ ನಿಂತು, ಇದು ಯಾರು ಎಂದು ಕೇಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ, ಹತ್ತಿರ ಇರುವ ಮಗುವಿನ ಕಡೆ ನೋಡುತ್ತೇನೆ. ಎಜೆ ಸುಡುವ ಮೊದಲು ರೊಟ್ಟಿಯ ನಡುವೆ ಚುಕ್ಕಿ ಮೂಡಿಸಲು ಒತ್ತುವ ಮುಳ್ಳಚ್ಚಿನಲ್ಲಿ ಒಂದು ಮುಳ್ಳು ಮುರಿದಿದೆ. ಇಪ್ಪತ್ತು ವರ್ಷದಿಂದ ಆ ಚುಕ್ಕಿಗಳ ಸುತ್ತಿನಲ್ಲಿ ಒಂದು ಚುಕ್ಕಿ ಇಲ್ಲ. ಒಂದನೆಯ ತರಗತಿಯ ಮಗುವೂ ಫೋಟೊದ ಕೈಯಲ್ಲಿರುವ ರೊಟ್ಟಿಯ ಮೇಲೆ ಬೆರಳಿಟ್ಟು ಹೇಳುತ್ತದೆ: "ನಮ್ಮ ಬುರುಲ್ ಎಜೆ."