ಶೆಟ್ಟರ ಪೆಟ್ಟಿಗೆ ಕಾದದ್ದು ಏಕೆ?

"ನಾನು ಕೇಳಿದ್ದು ಸ್ಟೆಬಿಲೈಜರ್ ಮಾರಾಯ್ರೆ, ನೀವು ಕೊಟ್ಟದ್ದು ಇಸ್ತ್ರಿ ಪೆಟ್ಟಿಗೆ!"

ಹೋದ ವಾರ ಗ್ರಾಂಟ್ ರೋಡಿನ ಹೋಟೆಲ್ ಶೆಟ್ಟರು ಹೀಗೆನ್ನುತ್ತ, ಗೋರೆಗಾಂವದ ನಮ್ಮ ಚಾಳಿನ ಮನೆಯ ಹೊಸ್ತಿಲ ಮೇಲೆ ಪೆಟ್ಟಿಗೆ ಇಟ್ಟು ಹೋದರು. ನಾನು ಒಳಗೆ ಸರಿದೆ. (ಮೊಮ್ಮಕ್ಕಳೇ, ನಿಮ್ಮ ಅಜ್ಜಿಯ ಜೋರೆಲ್ಲ ಬರೆಯುವುದರಲ್ಲಿ ಮಾತ್ರ. ಹೊರಗಿನ ಗಂಡಸರು ಬಂದರೆ ಈಗಲೂ ಬಾಗಿಲ ಹಿಂದೆ.)

ವೋಲ್ಟೇಜ್ ಏರಿಳಿದರೂ ಫ್ರಿಜ್ ಕೆಡದಂತೆ ಕಾಯುವ ಪೆಟ್ಟಿಗೆ ಅದು. ಡಿಪ್ಲೊಮಾ ಓದಿದ ನನ್ನ ಮಗ ಮಲ್ಲೇಶಿ ಮನೆಯಲ್ಲೇ ತಯಾರಿಸುತ್ತಾನೆ. ಒಳಗಿನ ಬೋರ್ಡಿಗೆ ಬೆಸುಗೆ ಹಾಕುವವಳು ಸೊಸೆ ಕಮಲಾ.

ಮುಚ್ಚಳ ತೆಗೆದರೆ, ರಿಲೇ ಪಕ್ಕದ ಬೋರ್ಡು ಸುಟ್ಟು ಕಂದಿತ್ತು. ರಿಲೇ ಅಂದರೆ ಟಕ್ ಎಂದು ಕರೆಂಟಿನ ದಾರಿ ಬದಲಿಸುವ ಸ್ವಿಚ್ಚು.

"ನಿನ್ನ ಬೆಸಿಗೀನ ಸರಿ ಇಲ್ಲ," ಅಂದ ಮಲ್ಲೇಶಿ. "ನಾಳಿಂದ ಒಲಿ ನೋಡ್ಕೊ. ಅಂಧೇರಿಯಿಂದ ಯಾರನ್ನರ ಕರಸ್ತೀನಿ."

ಕಮಲಾ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಒರೆಸಿ ಗೋಡೆಯ ಮಾಡದಲ್ಲಿಟ್ಟಳು. ಆ ಕೆಲಸ ಕಲಿತ ಮೇಲೆಯೇ ಅವಳು ಚಾಳಿನಲ್ಲಿ ತಲೆ ಎತ್ತಿ ನಡೆಯತೊಡಗಿದ್ದು. ನನಗೆ ತಡೆಯಲಾಗಲಿಲ್ಲ.

"ಏ ಮಲ್ಲೇಶಿ, ಮೊದಲ ನೋಡು. ಆಮ್ಯಾಲೆ ಬೈಯಿ."

ನೋಡಿದ. ಬೋರ್ಡಿನ ಮೇಲೆ ಹೆಚ್ಚು ಕರೆಂಟು ಹರಿಯುವ ತಾಮ್ರದ ಪಟ್ಟಿ ಸಣಕಲಾದರೆ ಕಾಯುತ್ತದಂತೆ. ಪಟ್ಟಿಯುದ್ದಕ್ಕೂ ದಪ್ಪ ತಂತಿ ಕೂಡಿಸಿ, ಮೇಲೆ ಗಟ್ಟಿಯಾಗಿ ತಾನೇ ಬೆಸುಗೆ ಹರಿಸಿದ. ನೀರು ಕಾಸುವ ಹೀಟರ್ ಸಿಕ್ಕಿಸಿ ಪರೀಕ್ಷೆ ಮಾಡಿದ.

ಮತ್ತೆ ಅದೇ ಸುಟ್ಟ ವಾಸನೆ! ಈಗ ಬೈಯುವುದು ಯಾರನ್ನು?

ಪ್ಲಗ್ ಕಿತ್ತು, ಬೆರಳಿಟ್ಟು ಮುಟ್ಟಿದ. ಪಟ್ಟಿ ಬರೀ ಬೆಚ್ಚಗೆ. ರಿಲೇಗೆ ತಂತಿ ಕೂಡುವ ಸ್ಕ್ರೂ ಮಾತ್ರ ಕೆಂಡ. ಅದು ಆರಿದ ಮೇಲೆ ಬಿಚ್ಚಿದ. ತಂತಿಯ ಅಡಿಯಲ್ಲಿ ಕರಿಗೆಂಪು ಜಿಡ್ಡು.

"ಕುಂಕುಮ!" ಅಂದಳು ಕಮಲಾ.

ಹೋದ ತಿಂಗಳ ಖಂಡೇನವಮಿಯ ಆಯುಧಪೂಜೆ ನೆನಪಾಯಿತು. ಕಮಲಾ ಅಂದು ಹೊರಗೆ ಕುಳಿತಿದ್ದಳು. ನಾನಂತೂ ಕುಂಕುಮ ಮುಟ್ಟುವ ಹಾಗಿಲ್ಲ. ಹಾಗಾಗಿ ಪೂಜೆ ಪೂರಾ ಮಲ್ಲೇಶಿಯದೇ. ಕಬ್ಬಿಣಕ್ಕೆ ಅಂಟಲೆಂದು ಎಣ್ಣೆಯಲ್ಲಿ ಕುಂಕುಮ ಕಲಸಿ ಡ್ರಿಲ್ಲಿಗೆ, ಇಕ್ಕಳಕ್ಕೆ, ಅರ್ಧ ಜೋಡಿಸಿದ್ದ ಶೆಟ್ಟರ ಪೆಟ್ಟಿಗೆಗೂ ಹಚ್ಚಿದ್ದ.

"ಸ್ಕ್ರೂಕ್ಕ ಯಾಕ ಹಚ್ಚಿದಿ?" ಅಂದೆ.

"ಕರೆಂಟು ಒಳಗ ಬರೂದ ಅಲ್ಲಿಂದ ಅವ್ವಾ... ಬಾಗಲಾ ಇದ್ದಂಗ ಅಂತ..."

ಕಮಲಾಗೆ ನಗು ತಡೆಯಲಾಗಲಿಲ್ಲ. "ರೀ, ಕುಂಕುಮ ನನ್ನ ಹಣಿಗೆ ಹಚ್ರಿ. ಸ್ಕ್ರೂಕ್ಕ ಬ್ಯಾಡ."

ಅವನಿಗೂ ನಗು ಬಂತು. ತಂತಿಯ ತುದಿ ಹೆರೆದು, ಹೊಳೆಯುವಂತೆ ಉಜ್ಜಿ, ಸ್ಕ್ರೂ ಬಿಗಿದ. ಹೀಟರ್ ಹಾಕಿ ಹಂಡೆ ನೀರು ಕುದಿಸಿದೆವು. ವಾಸನೆ ಇಲ್ಲ. (ಆ ಬಿಸಿನೀರಿನಲ್ಲಿ ನನಗೆ ಒಳ್ಳೆಯ ಸ್ನಾನವಾಯಿತು!) ಕೂಡುವ ಜಾಗ ಶುದ್ಧವಾಗಿ, ಬಿಗಿಯಾಗಿ ಇರಬೇಕು. ಇಲ್ಲದಿದ್ದರೆ ಕರೆಂಟಿಗೆ ತಡೆಯಾಗಿ ಅಲ್ಲೇ ಕಾಯುತ್ತದೆ; ಪಟ್ಟಿ ಎಷ್ಟು ದಪ್ಪವಿದ್ದರೇನು?

ಪೆಟ್ಟಿಗೆ ಒಯ್ಯಲು ಬಂದ ಶೆಟ್ಟರು ಹೀಟರ್ ಹಾಕಿಸಿ, ಬಹಳ ಹೊತ್ತು ಕೂತು, ಮೇಲೆ ಅಂಗೈ ಇಟ್ಟು ನೋಡಿದರು. "ಇದು ನನ್ನ ಫ್ರಿಜ್ಜಿಗಿಂತ ತಂಪು ಉಂಟಲ್ಲ!"

ಅವರು ಹೋದ ಮೇಲೆ ಮಲ್ಲೇಶಿ ಮಾಡದಿಂದ ಸೋಲ್ಡರಿಂಗ್ ಐರನ್ ತೆಗೆದು ಹೆಂಡತಿಯ ಮುಂದಿಟ್ಟ. "ತಗೋ. ಅಂಧೇರಿ ಭಾಳ ದೂರ ಆಗ್ತದ."

(ಲೋಕಲ್ ರೈಲಿನಲ್ಲಿ ಹತ್ತೇ ನಿಮಿಷ; ಅದೆಷ್ಟು ದೂರವೆಂದು ಅದನ್ನು ಹತ್ತುವ ನಿಮಗೆ ಗೊತ್ತು.)

ಕಮಲಾ ಸೆರಗು ಸಿಕ್ಕಿಸಿ ಕೆಲಸಕ್ಕೆ ಕೂತಳು. ನಾನು ಚಹಾ ಇಟ್ಟೆ.

ಪೆಟ್ಟಿಗೆಯೊಳಗೆ ಪಟ್ಟಿ ಇದೆ, ರಿಲೇ ಇದೆ, ಸ್ಕ್ರೂ ಇದೆ. ಆದರೂ ಏನಾದರೂ ಸುಟ್ಟರೆ ನಾವು ಮೊದಲು ಸೊಸೆಯ ಕೈಯನ್ನೇ ಏಕೆ ನೋಡುತ್ತೇವೆ?